ಟವೆಲ್ ಹಾಸಿ ಹಿಡಿದ ಸೀಟು

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು ನಾವು. ಜನ ಜಾಸ್ತಿಯಿದ್ದರೆ ಮಕ್ಕಳನ್ನು ಮುಂದೆ ಬಿಡುತ್ತೇವೆ. ಅವರು ದೊಡ್ಡವರ ಕಾಲುಗಳ ಸಂದಿಯಲ್ಲಿ ನುಗ್ಗಿ, ಟವೆಲ್ ಹಾಸಿಕೊಂಡು ಕೂತುಬಿಡುತ್ತಾರೆ.

ಆ ಸಂಜೆ ನಮ್ಮೂರು ಪುರವರದಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು, ನಾನು ಮತ್ತು ಒಂದನೇ ಕ್ಲಾಸಿನ ಮಗಳು. ದಾಸರಹಳ್ಳಿಯಲ್ಲಿ ಬಸ್ಸಿಳಿದು ಮೆಟ್ರೋ ಸ್ಟೇಷನ್ ಹತ್ತಿದೆವು. ಫ್ಯಾಕ್ಟರಿ ಬಿಟ್ಟ ಹೊತ್ತು. ಪ್ಲಾಟ್‌ಫಾರಂ ತುಂಬ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಊಟದ ಬ್ಯಾಗು ನೇತುಹಾಕಿಕೊಂಡ ಗಂಡಸರು. ಕಡಲೆಕಾಯಿ ಚೀಲ ನನ್ನ ಕಾಲ ಬಳಿ ಇತ್ತು. ರೈಲಿನ ಬಾಗಿಲು ತೆರೆಯುತ್ತಲೇ ಟವೆಲ್ಲನ್ನು ಮಗಳ ಕೈಗೆ ಕೊಟ್ಟೆ.

"ಓಡಮ್ಮಣ್ಣಿ, ಸೀಟ್ ಹಿಡ್ಕ. ನಾನ್ ಬರಗಂಟ ಏಳ್ಬ್ಯಾಡ."

ನುಸುಳಿ ಹೋದಳು. ನಾನು ಚೀಲ ಎತ್ತಿ ಹೆಗಲಿಗೆ ಹಾಕುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನಾಚೆ ಅವಳು ನನ್ನ ಕಡೆ ನೋಡದೆ ಟವೆಲ್ ಹಾಸುತ್ತಿದ್ದಳು.

ಬಸ್ಸಾಗಿದ್ದರೆ ತಗಡು ಬಡಿದು ನಿಲ್ಲಿಸಬಹುದಿತ್ತು. ಇದರಲ್ಲಿ ಕಂಡಕ್ಟರೇ ಇಲ್ಲ.

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಾರೆ ಕೆಲಸ ಹಿಡಿದವನು ನಾನು. ಈ ಊರಿನಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಅವತ್ತು ಗಾರ್ಡ್ ಹೆಣ್ಣುಮಗಳಿಗೆ ಕೈ ಮುಗಿದೆ.

"ಮೇಡಂ, ನನ್ ಮಗ್ಳು ಒಬ್ಳೇ ಹೊಂಟೋದ್ಲು."

ಅವರು ವಾಕಿಟಾಕಿಯಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ಬಂದ ಉತ್ತರವನ್ನು ನನಗೆ ಹೇಳಿದರು.

"ಮಗು ಸಿಕ್ಕಿದೆ. ಇಳಿಸೋಕೆ ಹೋದ್ರೆ ಏಳ್ತಾನೇ ಇಲ್ಲ. 'ಎದ್ರೆ ನಮ್ಮಪ್ಪ ಬೈತದೆ' ಅಂತ ಕಂಬಿ ಹಿಡ್ಕೊಂಡು ಕೂತಿದೆ. ನಮ್ಮ ಗಾರ್ಡ್ ಜೊತೇಲಿ ಹೋಗ್ತಿದ್ದಾರೆ. ಕೊನೇ ಸ್ಟೇಷನ್ನಿಗೆ ಬನ್ನಿ."

ಮುಂದಿನ ರೈಲು ಹತ್ತಿದೆ. ಸಿಕ್ಕಿದೆ ಅಂದರೂ ನಂಬಿಕೆ ಬರಲಿಲ್ಲ. ಅವರು ಹಿಡಿದದ್ದು ನನ್ನ ಮಗಳನ್ನೇ ಅಂತ ಏನು ಗ್ಯಾರಂಟಿ? ಗಾರ್ಡ್ ಬರುವ ಮೊದಲೇ ಯಾರಾದರೂ, ಅಪ್ಪ ಕರೀತಾವ್ರೆ ಬಾ ಎಂದು ಕೈ ಹಿಡಿದಿದ್ದರೆ? ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲಿನಿಂದ ತಲೆ ಹೊರಗಿಟ್ಟು ನೋಡಿದೆ. ಎರಡು ಜಡೆಯ ಮಕ್ಕಳೆಲ್ಲ ಅವಳಂತೆಯೇ ಕಂಡರು. ಮೆಜೆಸ್ಟಿಕ್ಕಿನಲ್ಲಿ ಜನ ನುಗ್ಗಿದಾಗ, ಆ ಕಾಲುಗಳ ನಡುವೆ ಅವಳು ಇರಬಹುದೆನಿಸಿ ಬಗ್ಗಿ ನೋಡಿದೆ.

ಕೊನೆಯ ಸ್ಟೇಷನ್ನಿನ ಬೆಂಚಿನ ಮೇಲೆ ಮಗಳು ಕೂತಿದ್ದಳು. ಪಕ್ಕದಲ್ಲಿ ಟವೆಲ್ ಹಾಸಿತ್ತು. ಗಾರ್ಡ್ ನಿಂತೇ ಇದ್ದರು.

"ಅಪ್ಪೋ, ಎಲ್ರುನೂ ಇಳಿಸ್ಬುಟ್ರು. ಅದ್ಕೇ ಇಲ್ಲಿ ಹಿಡ್ದಿವ್ನಿ."

"ನನ್ನನ್ನೂ ಕೂರೋಕೆ ಬಿಡ್ಲಿಲ್ಲ ನಿಮ್ಮ ಮಗಳು" ಎಂದು ಗಾರ್ಡ್ ನಕ್ಕರು.

ನಾನು ಟವೆಲ್ ಮೇಲೆ ಕೂತೆ. ನಮ್ಮ ಸ್ಟೇಷನ್ನು ಹಿಂದೆಯೇ ಹೋಗಿತ್ತು, ವಾಪಸ್ ಹೋಗಬೇಕಿತ್ತು. ರೈಲು ಬಂದಾಗ ಅವಳು ಟವೆಲ್ ಎಳೆದುಕೊಂಡು ಓಡಲು ನೋಡಿದಳು. ಜಡೆ ಹಿಡಿದುಕೊಂಡೆ.

"ನೋಯ್ತದೆ ಬುಡಪ್ಪ."

ಬಿಡಲಿಲ್ಲ.