ಸಿಂಗಪುರ ನದಿಯಲ್ಲಿ ಒಂದು ವರ್ಷದ ವ್ಯತ್ಯಾಸ

ನಿವೃತ್ತ ಶಾಸನ ಸಂಶೋಧಕನನ್ನು ಚರಿತ್ರೆ ಇರುವ ಜಾಗಕ್ಕೆ ಕರೆದೊಯ್ಯುವುದೂ ಸಕ್ಕರೆ ಕಾಯಿಲೆಯವನನ್ನು ಮಿಠಾಯಿ ಅಂಗಡಿಗೆ ಕರೆದೊಯ್ಯುವುದೂ ಒಂದೇ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಹೀಗಾಗಿ ಆ ಶನಿವಾರದ ದೋಣಿವಿಹಾರಕ್ಕೆ ನನ್ನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಸಿಂಗಪುರದ ಬ್ಯೂನಾ ವಿಸ್ಟಾದಲ್ಲಿರುವ ಮಗಳ ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು.

ಚರ್ಚೆಗೆ ಕಾರಣವಿತ್ತು. ಮಗಳು ಆಫೀಸಿನ ಕೆಲಸದ ನಡುವೆಯೇ, ಇಲ್ಲಿನ ಕನ್ನಡ ಕುಟುಂಬಗಳಿಗೆ ನದಿಯ ಕಥೆ ಹೇಳುವ ಗೈಡ್ ಆಗಲು ತಯಾರಿ ನಡೆಸಿದ್ದಳು. ಸಂಬಳವಿಲ್ಲದ ಆ ಕೆಲಸಕ್ಕೂ ಪರೀಕ್ಷೆ ಉಂಟು. ಮೊದಲ ಪರೀಕ್ಷೆಯಲ್ಲಿ ಯಾರೋ ನಡುವೆ ಬಾಯಿ ಹಾಕಿದ್ದಕ್ಕೆ ಮಾತಿನ ಎಳೆ ತಪ್ಪಿ ನಪಾಸಾಗಿದ್ದಳು. ಶನಿವಾರದ ದೋಣಿವಿಹಾರವೇ ಎರಡನೆಯ ಅವಕಾಶ, ಮೂರನೆಯದು ಇರಲಿಲ್ಲ.

"ಅಪ್ಪಾ, ನೀವು ಬನ್ನಿ. ಆದ್ರೆ ಬಾಯಿ ಬಿಡೋ ಹಾಗಿಲ್ಲ. ಪ್ರಾಮಿಸ್ ಮಾಡಿ."

"ಇಸವಿ ತಪ್ಪು ಹೇಳಿದರೆ?"

"ತಪ್ಪು ಹೇಳಿದ್ರೂ."

"ನೀನು ಹೆದರ್ಬೇಡ ಕಣೇ," ಎಂದಳು ಹೆಂಡತಿ. "ಕೋಡುಬಳೆ ಡಬ್ಬಿ ತರ್ತೀನಿ. ಇವರು ಬಾಯಿ ತೆಗೆದ್ರೆ ಒಂದು ತುರುಕ್ತೀನಿ."

ಮೂತಿಯ ಮೇಲೆ ಎರಡು ಕಣ್ಣು ಬರೆದಿದ್ದ ಹಳೆಯ ಮಾದರಿಯ ಸರಕು ದೋಣಿ ಅದು. ಅದರಲ್ಲಿ ಹತ್ತು ಹನ್ನೆರಡು ಮಂದಿ ಕನ್ನಡಿಗರು. ಹಿಂದಿನ ಬೆಂಚಿನಲ್ಲಿ, ಬಿಶಾನ್ ಬಡಾವಣೆಯಿಂದ ಬಂದಿದ್ದ ಹಿರಿಯ ಗೈಡ್ ತೊಡೆಯ ಮೇಲೆ ಅಂಕಪಟ್ಟಿ ಇಟ್ಟುಕೊಂಡು ಕುಳಿತಿದ್ದರು. ಎಲ್ಲರಿಗೂ ಅವರು ಆಂಟಿ. ಮಗಳ ಪಾಲಿಗೆ ಅಂದು ಸಾಕ್ಷಾತ್ ಚಿತ್ರಗುಪ್ತ.

ಮೊದಲ ನಿಲುಗಡೆ, ಕೈಕಟ್ಟಿ ನಿಂತ ಬಿಳಿಯ ದೊರೆಯ ಬಿಳಿಯ ಪ್ರತಿಮೆ. ಆಗಲೇ ಜನರಿದ್ದ ದ್ವೀಪಕ್ಕೆ ಬಂದಿಳಿದು, ತಾನೇ ಅದನ್ನು ಕಂಡುಹಿಡಿದವನಂತೆ ನಿಂತಿರುವ ಆತನ ಠೀವಿ, ಬಾಡಿಗೆಗೆ ಬಂದು ಮನೆಗೆ ಹೆಸರಿಟ್ಟವನದು. ಈ ಪ್ರತಿಮೆ ನಕಲು. ಕಂಚಿನ ಮೂಲ ಬೇರೆಡೆ ಇದೆ. ಹಾಗೆನ್ನಲು ಬಾಯಿ ತೆರೆದೆ. ಕೋಡುಬಳೆ ಬಂತು. ಅದನ್ನು ಅಗಿದು ಮುಗಿಸುವಷ್ಟರಲ್ಲಿ ಮಗಳೇ ಆ ಮಾತನ್ನು ಹೇಳಿಬಿಟ್ಟಿದ್ದಳು.

ಎರಡನೆಯ ಕಡೆ, ಬಟ್ಟೆ ಕಳಚಿ ನದಿಗೆ ಧುಮುಕುತ್ತಿರುವ ಹುಡುಗರ ಕಂಚಿನ ಶಿಲ್ಪಗಳು. ನಮ್ಮ ಗುಂಪಿನ ಸಾಫ್ಟ್‌ವೇರ್ ಮಂದಿ ಸಾಲಾಗಿ ನಿಂತು, ಕಂಚಿನ ಪೃಷ್ಠಗಳ ಪಕ್ಕದಲ್ಲಿ ಗಂಭೀರವಾಗಿ ಫೋಟೋ ತೆಗೆಸಿಕೊಂಡರು. ಇಲ್ಲಿ ಇಸವಿಯ ಮಾತೇ ಬರಲಿಲ್ಲವಾದ್ದರಿಂದ ನನ್ನ ನಡತೆ ಅನುಕರಣೀಯವಾಗಿತ್ತು.

ಮೂರನೆಯದು ದಡದ ವಸ್ತುಸಂಗ್ರಹಾಲಯ. ಒಳಗೆ ತಿಂಡಿ ನಿಷಿದ್ಧ. ಡಬ್ಬಿ ಚೀಲ ಸೇರಿತು. ಅಲ್ಲಿ ಜಾವಾದಿಂದ ಬಂದ ಒಂದು ಶಾಸನದ ಕಲ್ಲಿತ್ತು. ಜಾವಾದವರೂ ನಮ್ಮಂತೆಯೇ ಶಕವರ್ಷ ಬಳಸುತ್ತಿದ್ದರು ಎಂದು ವಿವರಿಸಿ, ಮಗಳು ಕಲ್ಲಿನ ಶಕವರ್ಷವನ್ನೂ ಅದಕ್ಕೆ ಸರಿಹೊಂದುವ ಕ್ರಿಸ್ತಶಕದ ಇಸವಿಯನ್ನೂ ಹೇಳಿದಳು. ಶಕಕ್ಕೆ ಎಪ್ಪತ್ತೆಂಟು ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ನಿದ್ದೆಯಲ್ಲೂ ತಪ್ಪದ ಲೆಕ್ಕ. ಮಗಳು ಎಪ್ಪತ್ತೊಂಬತ್ತು ಕೂಡಿಸಿದ್ದಳು.

"ಒಂದು ವರ್ಷ ಹೆಚ್ಚಾಯಿತು," ಎಂದು ನಾನು ಘೋಷಿಸಿದೆ.

ಎಲ್ಲರೂ ತಿರುಗಿದರು. ಆಂಟಿ ಏನನ್ನೋ ಬರೆದುಕೊಂಡರು. ಮಗಳು ಕೈಯಲ್ಲಿದ್ದ ಟಿಪ್ಪಣಿಯ ಚೀಟಿ ನೋಡಿದಳು. ಆ ಕ್ಷಣ ನನ್ನ ಮಾತನ್ನು ಹಿಂತೆಗೆದುಕೊಳ್ಳಲು ನಾನು ಏನನ್ನಾದರೂ ಕೊಡುತ್ತಿದ್ದೆ. ಆದರೆ ಸತ್ಯ ನನ್ನ ಪರವಾಗಿತ್ತಲ್ಲ!

ಅವಳು ಒಮ್ಮೆ ಉಸಿರೆಳೆದುಕೊಂಡಳು. "ಅಪ್ಪಾ, ಈ ಕಲ್ಲಿನಲ್ಲಿ ತಿಂಗಳು ಯಾವುದು ಅಂತಿದೆ?"

ಬಗ್ಗಿ ವಿವರಣೆಯ ಫಲಕ ಓದಿದೆ. ಮಾಘ ಮಾಸ.

"ಶಕವರ್ಷ ಶುರುವಾಗೋದು ಯುಗಾದಿ ಹೊತ್ತಿಗೆ," ಎಂದು ಅವಳು ನನಗಲ್ಲ, ಗುಂಪಿಗೆ ಹೇಳಿದಳು. "ಮಾಘ ಬರೋ ಹೊತ್ತಿಗೆ ಜನವರಿ ಬಂದು ಇಂಗ್ಲಿಷ್ ಇಸವಿ ಚೇಂಜ್ ಆಗಿರುತ್ತೆ. ಅದಕ್ಕೇ ಒಂದು ಜಾಸ್ತಿ ಸೇರಿಸಬೇಕು. ಅದನ್ನ ಮರೆಯೋದು ತುಂಬಾ ಜನ ಮಾಡೋ ಮಿಸ್ಟೇಕು."

ಈ ಒಂದು ತಪ್ಪಿಗಾಗಿ ನಾನು ಎಷ್ಟು ವಿದ್ಯಾರ್ಥಿಗಳ ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ಅದ್ದಿದ್ದೇನೋ! ತಿಂಗಳು ನೋಡದೆ ವರ್ಷ ಕೂಡಿಸುವವನು ಕಿರಾಣಿ ಅಂಗಡಿ ಇಡಲಿ ಎಂದದ್ದೂ ಉಂಟು.

"ಆಯ್ತಾ?" ಎಂದಳು ಹೆಂಡತಿ, ಇಡೀ ಸಂಗ್ರಹಾಲಯಕ್ಕೆ ಕೇಳುವಂತೆ.

ಮಗಳು ಮುಂದಿನ ಶಿಲ್ಪದ ಕಡೆಗೆ ನಡೆದಳು. ಮಾತಿನ ಎಳೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹಿಡಿದಳು. ಚೀಟಿ ಕೈಚೀಲ ಸೇರಿತ್ತು.

ಮರಳುವ ದೋಣಿಯಲ್ಲಿ ಆಂಟಿ ಅಂಕಪಟ್ಟಿ ಮಡಿಸಿದರು. "ಪಾಸ್ ಕಣಮ್ಮಾ. ಇಂಥೋರನ್ನ ಹ್ಯಾಂಡಲ್ ಮಾಡಿದ ಮೇಲೆ ಇನ್ನೇನು ಟೆಸ್ಟ್ ಮಾಡ್ಲಿ? ಮುಂದಿನ ತಿಂಗಳು ಒಂದು ಗ್ರೂಪ್ ನಿಂಗೇ." ಬಳಿಕ ನನ್ನತ್ತ ತಿರುಗಿ, "ಅಂಕಲ್, ನೀವೂ ಬರ್ತೀರಾ?"

"ಖಂಡಿತ. ಯಾವ ತಾರೀಖು?"

ಮಗಳೂ ಹೆಂಡತಿಯೂ ಒಟ್ಟಿಗೇ ನದಿಯ ಕಡೆ ಮುಖ ಮಾಡಿದರು. ಆ ತಾರೀಖನ್ನು ನನಗೆ ಇದುವರೆಗೂ ಯಾರೂ ಹೇಳಿಲ್ಲ.