ಮೋಸದ ಉತ್ಸವದಲ್ಲಿ ಹಾಡಿದವರು

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಐಷಾರಾಮಿ ಸಂಗೀತ ಉತ್ಸವ ಮಾಡುತ್ತೇನೆಂದು ಹುಬ್ಬಳ್ಳಿ, ಬೆಂಗಳೂರಿನ ಜನರಿಗೆಲ್ಲ ಟೋಪಿ ಹಾಕಿ ಓಡಿಹೋದವನ ಮೇಲೆ ಒಂದು ಸಾಕ್ಷ್ಯಚಿತ್ರ ಬಂದಿದೆ. ಅದರಲ್ಲಿ ನನ್ನ ಹೆಂಡತಿ ಇದ್ದಾಳೆ. ಹೀಗೆಂದರೆ ಜನ ನನ್ನನ್ನು ಒಂದು ಥರಾ ನೋಡುತ್ತಾರೆ. ಅವಳು ಓಡಿದವರ ಪೈಕಿ ಅಲ್ಲ, ಹಾಡಿದವರ ಪೈಕಿ.

ರೋಣದ ನಮ್ಮ ಓಣಿಯ ಐದು ಹೆಂಗಸರದೊಂದು ಭಜನಾ ಮೇಳ. ಹೆಸರಾಂತ ಗಾಯಕರು ವೇದಿಕೆ ಹತ್ತುವ ಮೊದಲು ಐದು ನಿಮಿಷ ಸ್ವಾಗತಗೀತೆ ಹಾಡಲು ಇವರನ್ನು ಕರೆದಿದ್ದರು. ಇವಳು ಮನೆಯಲ್ಲಿ ಹಗಲೆಲ್ಲ ಆ ಐದು ನಿಮಿಷವನ್ನೇ ಹಾಡಿದಳು. ರೊಟ್ಟಿ ಬಡಿಯುವ ತಾಳವೂ ಅದೇ ಆಯಿತು. ಐವರೂ ನೇಕಾರರ ಮನೆಗೆ ಹೋಗಿ ಒಂದೇ ಬಣ್ಣದ ಕೈಮಗ್ಗದ ಸೀರೆ ತಂದರು. ಹಾರ್ಮೋನಿಯಂ ಹೊರುವ ಆಳಾಗಿ ನಾನು ಹೋದೆ.

ಅಲ್ಲಿ ನೋಡಿದರೆ ಗಾಯಕರಿಲ್ಲ, ಊಟವಿಲ್ಲ, ಕರೆದವನೇ ನಾಪತ್ತೆ. ಫೋಟೊದಲ್ಲಿ ಅರಮನೆಯಂತೆ ತೋರಿಸಿದ್ದ ಬಿಡಾರಗಳ ಜಾಗದಲ್ಲಿ ನೀಲಿ ತಾಡಪತ್ರಿಯ ಡೇರೆಗಳು. ಜೊತೆಗೆ ಬಂದಿದ್ದ ಹೊಳೆಆಲೂರಿನ ನನ್ನ ನಾದಿನಿ ನೋಡಿದ್ದೇ ಅಂದಳು: "ಅಯ್ಯ ಮಾಮಾ, ಹೊಳಿ ಏರಿ ಮನಿ ಮುಳುಗಿದಾಗ ಸರಕಾರದವ್ರು ನಮಗ ಕೊಟ್ಟಿದ್ದು ಇಂಥಾವ. ಅವು ಪುಕ್ಕಟ ಇದ್ದವು."

ಜನ ಕೆರಳಿ ಕುರ್ಚಿ ಎತ್ತಿದ್ದರು. ನಾನು ಹೆದರಿ, "ಲಗೂ ನಡೀರಿ, ಬಸ್ ಹಿಡಿಯೂಣು" ಎಂದೆ. ನನ್ನ ಹೆಂಡತಿ ಮೈಕು ತಟ್ಟಿ ನೋಡಿದಳು. ಅದೊಂದು ಸರಿಯಿತ್ತು.

"ಬಂದೇವಿ, ಹಾಡೇ ಹೋಗೂದು" ಎಂದು ಶುರು ಮಾಡಿಯೇಬಿಟ್ಟಳು.

ಎತ್ತಿದ ಕುರ್ಚಿಗಳು ಒಂದೊಂದಾಗಿ ಕೆಳಗಿಳಿದವು, ಜನ ಅವುಗಳ ಮೇಲೆ ಕೂತರು. ಸ್ವಾಗತ ಮುಗಿಸಿದ ಮೇಳ ತತ್ವಪದಕ್ಕಿಳಿದು, ಬಸ್ಸುಗಳು ಬರುವವರೆಗೂ ಹಾಡಿತು. "ಇನ್ನೊಂದ್ ಹಾಡ್ರಿ ಅಕ್ಕಾರ" ಎಂದು ಜನ ಕೂಗುವಾಗ ನನ್ನ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಬೆಂಗಳೂರಿನಿಂದ ಚಿತ್ರ ಮಾಡುವವನು ಬಂದ. "ನಿಮಗೆ ಎಷ್ಟು ಮೋಸ ಆಯ್ತು ಅಂತ ಹೇಳಿ ಅಮ್ಮಾ. ಅಳು ಬಂದ್ರೆ ಅಳಿ" ಎಂದ.

"ನನಗೇನ ಮೋಸ ಆಗಿಲ್ಲಪಾ, ಭಾಳ ಚಲೋ ಹಾಡಿದ್ವಿ" ಎಂದಳು ಇವಳು.

ಅವನ ಮುಖ ಸಪ್ಪಗಾಯಿತು. ಅಂದು ಯಾರೋ ಮೊಬೈಲಿನಲ್ಲಿ ಹಿಡಿದ ಹಾಡು ತನ್ನ ಬಳಿ ಇದೆ, ಚಿತ್ರದಲ್ಲಿ ಹಾಕುತ್ತೇನೆ ಎಂದು ಹೋದ. ಇವಳಿಗೆ ಅಷ್ಟೇ ಸಾಕಾಗಿತ್ತು. ತಾನು ಹಾಡಿದ್ದನ್ನು ಊರು ಕೇಳಬೇಕು ಎಂಬುದೊಂದೇ ಆಸೆ.

ಚಿತ್ರ ಬಂದ ದಿನ ಓಣಿಯೆಲ್ಲ ನಮ್ಮ ಮನೆಯಲ್ಲಿತ್ತು. ಡೇರೆಗಳು ಕಂಡಾಗ ಬಿದ್ದು ಬಿದ್ದು ನಕ್ಕೆವು. ಆಮೇಲೆ ಚಿತ್ರದೊಳಗಿನ ಒಂದು ಗಡಸು ದನಿ, "ಬರಬೇಕಾಗಿದ್ದವರು ದೊಡ್ಡ ದೊಡ್ಡ ಗಾಯಕರು. ಬಂದದ್ದು ಯಾರು ನೋಡಿ" ಎಂದಿತು. ಐದು ಸೀರೆಗಳು ಕಂಡವು. ಬಾಯಿಗಳು ಆಡುತ್ತಿದ್ದವು, ಆದರೆ ಕೇಳಿಸಿದ್ದು ಹಾಡಲ್ಲ, ಕೋತಿ ಕುಣಿಸುವಂಥ ಪೀಪಿ. ನಗಲು ಬಾಯಿ ತೆರೆದವರು ಇವಳ ಮುಖ ನೋಡಿ ಮುಚ್ಚಿಕೊಂಡರು. ನನಗೆ ಟಿವಿ ಒಡೆಯುವಷ್ಟು ಸಿಟ್ಟು ಬಂತು.

ಮರುದಿನ ಚಿತ್ರ ಹೇಗಿತ್ತೆಂದು ಕೇಳಲು ಅವನು ಫೋನ್ ಮಾಡಿದ. ನಾನು ಬೈಯಲು ಸಜ್ಜಾಗುತ್ತಿದ್ದೆ. ಇವಳು ಫೋನ್ ಕಸಿದುಕೊಂಡು ಮೆಲ್ಲಗೆ ಹೇಳಿದಳು:

"ಚಲೋ ಮಾಡೀದಿ ತಮ್ಮಾ. ಆದ್ರ ಆ ಕಳ್ಳನ ಕೈಗೆ ನಮ್ಮ ಹಾಡೊಂದು ಮಾತ್ರ ಸಿಕ್ಕಿರಲಿಲ್ಲ. ಅದನ್ನ ನೀ ಕದ್ದಿ."