ಏಳನೇ ತರಗತಿ ಎಂಬ ಬಹುಮಾನ

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಇಲಾಖೆಯು ನನ್ನನ್ನು ನನ್ನ ತರಗತಿಯಿಂದ ಬಿಡಿಸಿ, ಓದು ಕಲಿಸುವ ಶಿಕ್ಷಕರಿಗೆ ಮಾರ್ಗದರ್ಶಿಯನ್ನಾಗಿ ನೇಮಿಸಿತು. ಕಲಿಸುವವರ ಪಕ್ಕದಲ್ಲಿ ಕುಳಿತು, ಮಕ್ಕಳು ಎಲ್ಲಿ ತೊಡರುತ್ತಾರೆಂದು ನೋಡಿ, ಶಿಕ್ಷಕರ ಜೊತೆಗೇ ದಾರಿ ಹುಡುಕುವುದು ಆ ಹುದ್ದೆಯ ಉದ್ದೇಶ. ಉದ್ದೇಶ ಉದಾತ್ತವಾಗಿತ್ತು, ಆದ್ದರಿಂದಲೇ ಅದನ್ನು ಯಾರೂ ಬಳಸಲು ಹೋಗಲಿಲ್ಲ.

ಮೊದಲು ಬೈಲಹೊಂಗಲದಲ್ಲಿ ತರಬೇತಿ. ಜನಗಣತಿ, ಚುನಾವಣೆ ಎಲ್ಲವನ್ನೂ ಕಂಡು ಐವತ್ತು ದಾಟಿದ ಮಾಸ್ತರರು ಅಲ್ಲಿ ಕಪ್ಪೆಗಳಾಗಿ ಕುಪ್ಪಳಿಸಿದರು, ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾದರು. ಅಕ್ಷರ ಬಲ್ಲ ಮಗು ಪದ ಓದದೆ ನಿಂತರೆ ಏನು ಮಾಡಬೇಕೆಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ತರಬೇತುದಾರರು ಇನ್ನೊಂದು ಹಾಡು ಹೇಳಿಕೊಟ್ಟರು.

ಬಳಿಕ ಶಾಲೆಗಳು. ಓದಿಗೆಂದು ಬಂದ ಚಿತ್ರ, ಪದಕಾರ್ಡುಗಳೆಲ್ಲ ಟ್ರಂಕಿನಲ್ಲಿದ್ದವು, ಏಕೆಂದರೆ ಹೊರಗಿಟ್ಟರೆ ಮಕ್ಕಳು ಮುಟ್ಟುತ್ತಾರೆ. ಕಿತ್ತೂರಿನ ಕಡೆಯ ಒಂದು ಶಾಲೆಯಲ್ಲಿ ಆ ಟ್ರಂಕಿಗೆ ಪ್ರತಿವರ್ಷ ಆಯುಧಪೂಜೆಯಂದು ಕುಂಕುಮ ಬೀಳುತ್ತಿತ್ತು. ರಾಮದುರ್ಗದ ಕಡೆ ಇನ್ನೊಂದರಲ್ಲಿ ಅದರ ಕೀಲಿಕೈ ಹಿಂದಿನ ಹೆಡ್‌ಮಾಸ್ತರರ ಜೇಬಿನಲ್ಲಿ ವರ್ಗವಾಗಿ ಹೋಗಿತ್ತು. ನನ್ನಂಥವರು ಬಂದಾಗ ನುಡಿಸಲು ಬಹುತೇಕ ಎಲ್ಲ ಶಾಲೆಗಳೂ ಒಂದು ಪಾಠವನ್ನು ಸಿದ್ಧವಾಗಿಟ್ಟಿದ್ದವು. ಮಕ್ಕಳ ಬೆರಳು ಸಾಲಿನ ಮೇಲೆ ಓಡುತ್ತಿತ್ತು, ಬಾಯಿ ಅದಕ್ಕಿಂತ ಮುಂದೆ ಓಡುತ್ತಿತ್ತು. ನಾನು ಪುಟ ತಿರುವಿದರೂ ಹಳೆಯ ಪುಟವೇ ಕೇಳಿಸುತ್ತಿತ್ತು. ಇದು ಮಕ್ಕಳಿಗೆ ಮಾಡುವ ವಂಚನೆ. ಅದಕ್ಕೆ ನಾನು ಬೇರೆ ಹೆಸರು ಇಡಲಾರೆ.

ಇದಕ್ಕಿಂತ ಆಳದ ಅನ್ಯಾಯವೊಂದಿತ್ತು. ಶ್ರೇಣಿಯಿಲ್ಲದೆ ನಮ್ಮ ಸಮಾಜಕ್ಕೆ ಊಟವೇ ಸೇರುವುದಿಲ್ಲವಲ್ಲ, ತರಗತಿಗಳಿಗೂ ಶ್ರೇಣಿಯಿತ್ತು. ಏಳನೇ ತರಗತಿ ಹಿರಿಯರಿಗೆ, ಅದರೊಂದಿಗೆ ಫ್ಯಾನಿನ ಕೋಣೆ ಮತ್ತು ಕೈಯಿರುವ ಕುರ್ಚಿ. ಒಂದನೇ ತರಗತಿ ಹೊಸಬರಿಗೆ, ಹೆಂಗಸರಿಗೆ, ಹೆಡ್‌ಮಾಸ್ತರರೊಂದಿಗೆ ಜಗಳವಾಡಿದವರಿಗೆ, ಅದರೊಂದಿಗೆ ಪಡಸಾಲೆ. ಭಾಷಣಗಳಲ್ಲಿ ಬುನಾದಿ ಎಂದು ಕರೆಸಿಕೊಳ್ಳುವ ತರಗತಿಯು ಕೋಳಿಗಳ ನಡುವೆ ನಡೆಯುತ್ತಿತ್ತು.

ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ಆ ಪಡಸಾಲೆ ಬೈಲಹೊಂಗಲದ ಮುಸ್ಲಿಂ ದರ್ಜಿಯೊಬ್ಬರ ಮಗಳ ಪಾಲಿಗೆ ಬಂದಿತ್ತು. ಆ ಕಡೆ ಶಿಕ್ಷಕಿಯರನ್ನು ಕರೆಯುವಂತೆ ಊರವರಿಗೆ ಅವರು ಅಕ್ಕೋರು. ನಾನು ಹೋದ ದಿನವೇ ಅವರು ಹೇಳಿದರು:

"ನೋಡೂದಾದ್ರ ಖರೇ ಪಾಠ ನೋಡ್ರಿ ಸರ. ನಿಮಗಂತ ಬ್ಯಾರೆ ಪಾಠ ಇಟ್ಟಿಲ್ಲ ನಾ."

ಖರೇ ಪಾಠ ಚೆನ್ನಾಗಿರಲಿಲ್ಲ. ಮಕ್ಕಳು ಬಿಡಿ ಅಕ್ಷರಗಳನ್ನು ಗುರುತಿಸುತ್ತಿದ್ದರು. ಅವು ಜೊತೆಗೂಡಿದರೆ ಮೌನ. ಪಾಠ ಮುಗಿದ ಮೇಲೆ ಚಹಾ ಕುಡಿಯುತ್ತ ಯಾವ ಮಗು ಎಲ್ಲಿ ನಿಂತಿತೆಂದು ನಾವಿಬ್ಬರೂ ವಾದಿಸುತ್ತಿದ್ದೆವು. ಇಡೀ ವರ್ಣಮಾಲೆ ಮುಗಿಯಲಿ ಎಂದು ಕಾಯದೆ ನಾಲ್ಕೈದು ಅಕ್ಷರ ಕಲಿಸಿ, ಅವುಗಳಿಂದಲೇ ಅಂದೇ ಪದ ಓದಿಸಲು ತೊಡಗಿದೆವು. ಅ ಆ ಇ ಈ ಬಿಟ್ಟು ಮೊದಲಿಗೇ ಗರಗಸ ಕಲಿಸುತ್ತಾರೆಂದು ಹಿರಿಯರೊಬ್ಬರು ಶಾಲೆಗೆ ಬಂದು, ಮೊಮ್ಮಗನನ್ನು ಬಡಿಗನನ್ನಾಗಿ ಮಾಡುವ ವಿಚಾರವಿದೆಯೇ ಎಂದು ಕೇಳಿದರು. ಮಗು ತಡವರಿಸಿದೊಡನೆ ಅಕ್ಕೋರು ತಾವೇ ಉತ್ತರ ಹೇಳಿಬಿಡುತ್ತಿದ್ದರು. ಅದನ್ನು ತೋರಿಸಿದ ಮರುವಾರದಿಂದ ಬಾಯಿಗೆ ಸೆರಗು ಒತ್ತಿ ಹಿಡಿದು ಕಾದರು. ವರ್ಷದ ಕೊನೆಗೆ ಆ ಮಕ್ಕಳು ಬಸ್ಸಿನ ಬೋರ್ಡು, ಬೀಜದ ಚೀಲ, ಗೋಡೆಯ ಮೇಲಿನ ಚುನಾವಣೆಯ ಆಶ್ವಾಸನೆ ಎಲ್ಲವನ್ನೂ ಗಟ್ಟಿಯಾಗಿ ಓದತೊಡಗಿದರು. ಕೊನೆಯದು ಕೆಲವರಿಗೆ ಇಷ್ಟವಾಗಲಿಲ್ಲ.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಅವರು ಸಂತೋಷಪಟ್ಟರು, ತೊಂದರೆ ಶುರುವಾದದ್ದೇ ಅಲ್ಲಿಂದ. ಏಳನೇ ತರಗತಿಯ ಮಾಸ್ತರರು ಕಚೇರಿಯ ಕಡತಗಳಿಗೆ ಸರಿದಿದ್ದರಿಂದ, ಜೂನ್ ತಿಂಗಳಲ್ಲಿ ಅಕ್ಕೋರಿಗೆ ಆ ತರಗತಿಯನ್ನು ಬಹುಮಾನವಾಗಿ ಕೊಟ್ಟರು. ರಾಮದುರ್ಗದ ಕಡೆಯಿಂದ ವರ್ಗವಾಗಿ ಬಂದ, ಮಕ್ಕಳ ಸದ್ದು ಕೇಳಿದರೆ ತಲೆನೋವು ಬರುವ ಮಾಸ್ತರರಿಗೆ ಒಂದನೇ ತರಗತಿ ಎಂದಾಯಿತು. ಅಕ್ಕೋರು ಬೇಡವೆಂದರು. ಹೊಸದಾಗಿ ಬರುವ ಮಕ್ಕಳನ್ನು ತಾವೇ ಓದಿಸುವುದಾಗಿ ಬೇಡಿಕೊಂಡರು.

"ಎಷ್ಟ ವರ್ಷ ಅಂತ ಹುಡುಗ್ರ ಸುಂಬಳಾ ಒರಸ್ಕೋತ ಕುಂದ್ರತೀರಿ ಅಕ್ಕೋರ?" ಎಂದರು ಹೆಡ್‌ಮಾಸ್ತರರು. "ಮ್ಯಾಲ ಬರ್ರಿ. ಅ ಆ ಇ ಈ ಕಲಸಾಕ ಯಾರಾದ್ರೇನು?"

ಬಹುಮಾನ ನಿರಾಕರಿಸುವವರನ್ನು ಶಿಕ್ಷಕರ ಕೋಣೆ ನಂಬುವುದಿಲ್ಲ. ಸಣ್ಣ ಮಕ್ಕಳನ್ನು ಬೇಗ ಬಿಟ್ಟು ಬೇಗ ಬಸ್ಸು ಹಿಡಿಯುವ ಆಸೆ ಎಂದು ಕೆಲವರು ಊಹಿಸಿದರು.

ನಾನು ಸವದತ್ತಿಗೆ ಹೋಗಿ ತಾಲೂಕಿನ ಅಧಿಕಾರಿಯೆದುರು ವಾದಿಸಿದೆ. ಓದು ಕಲಿಸುವುದು ಕೌಶಲ, ಅದನ್ನು ಬೆಳೆಸಿಕೊಂಡವರನ್ನು ಅದರಿಂದಲೇ ಕಿತ್ತು ಹಾಕುವುದಾದರೆ ನನ್ನ ಹುದ್ದೆ ಏತಕ್ಕೆ ಎಂದು ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಿಜವಾದ ಚಿಂತೆಯಿಂದ ಹೇಳಿದರು:

"ಕೆಲಸಾ ಬರದವ್ರನ್ನ ಕೆಳಗ ಇಳಸಬಹುದು ಸರ. ಚಲೋ ಮಾಡಿದವ್ರನ್ನ ಹ್ಯಾಂಗ ಇಳಸೂದು?"

ಮರುದಿನ ಶಾಲೆಗೆ ಹೋಗಿ ಈ ಮಾತನ್ನು ಸಿಟ್ಟಿನಿಂದ ಅಕ್ಕೋರಿಗೆ ಒಪ್ಪಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ. ಇನ್ನೊಮ್ಮೆ ಹೇಳಲು ಹೇಳಿ, ಗಮನವಿಟ್ಟು ಕೇಳಿಸಿಕೊಂಡರು. ಮಧ್ಯಾಹ್ನ ಶಿಕ್ಷಕರೆಲ್ಲ ಸೇರಿದ್ದಾಗ ಎದ್ದು ನಿಂತರು.

"ಗುರುಗಳ, ಏಳನೇತ್ತಿ ಗಣಿತ ನನಗ ಬರೂದಿಲ್ರಿ. ಹುಡುಗ್ರ ವರ್ಷಾ ಹಾಳಾಕ್ಕೈತಿ."

ಅದು ಸುಳ್ಳು. ಹಿಂದಿನ ವರ್ಷ ಏಳನೇ ತರಗತಿಯ ಮಾಸ್ತರರು ಬಡ್ಡಿ ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ಬಿಡಿಸಿಕೊಟ್ಟವರು ಇದೇ ಅಕ್ಕೋರು. ಆ ಮಾಸ್ತರರೂ ಅಲ್ಲಿಯೇ ಕುಳಿತಿದ್ದರು. ನಾನು ಬಾಯಿ ತೆರೆದೆ. ಅಕ್ಕೋರು ನನ್ನತ್ತ ಒಮ್ಮೆ ನೋಡಿದರು, ಮುಚ್ಚಿದೆ. ಕೋಣೆಗೆ ಹಾಯೆನಿಸಿತು. ಕಾರಣ ತಿಳಿಯದ ತ್ಯಾಗವನ್ನು ಸಹಿಸುವುದು ಕಷ್ಟ. ದಡ್ಡತನವನ್ನಾದರೆ ಎಲ್ಲರೂ ಪ್ರೀತಿಯಿಂದ ಕ್ಷಮಿಸುತ್ತಾರೆ.

"ಮೊದಲ ಹೇಳಬಾರದಾಗಿತ್ತೇನ್ರಿ," ಎಂದರು ಹೆಡ್‌ಮಾಸ್ತರರು ಮೃದುವಾಗಿ. "ಇದರಾಗ ನಾಚಿಕಿ ಏನೈತಿ?"

ಒಂದನೇ ತರಗತಿ ಅವರಿಗೇ ಉಳಿಯಿತು, ಶಿಕ್ಷೆಯ ರೂಪದಲ್ಲಿ. ಫ್ಯಾನು, ಕುರ್ಚಿ, ಏಳನೇ ತರಗತಿ ಮೂರೂ ರಾಮದುರ್ಗದಿಂದ ಬಂದವರಿಗೆ ಸಂದವು. ಗಣಿತದಲ್ಲಿ ಹಿಂದುಳಿದವರ ತರಬೇತಿಗೆ ಅಕ್ಕೋರನ್ನು ಕಳಿಸಲಾಯಿತು. ಅಲ್ಲಿ ಅವರಿಗೆ ರೊಟ್ಟಿ ಮುರಿದು ಭಿನ್ನರಾಶಿ ತಿಳಿಸಿಕೊಟ್ಟರು. ಒಳ್ಳೆಯ ಶಿಕ್ಷಕಿಯೊಬ್ಬರು ತಮ್ಮ ಕೆಲಸವನ್ನು ಉಳಿಸಿಕೊಳ್ಳಲು ತಮ್ಮ ಹೆಸರನ್ನು ತಾವೇ ಕೆಡಿಸಿಕೊಳ್ಳಬೇಕಾದ ವ್ಯವಸ್ಥೆಯನ್ನು ನಾನು ಅಂದು ಕ್ಷಮಿಸಲಿಲ್ಲ, ಇಂದೂ ಕ್ಷಮಿಸಿಲ್ಲ.

ತರಬೇತಿಯಿಂದ ಅವರು ಮರಳಿದ ದಿನ ನಾನು ಪಡಸಾಲೆಯಲ್ಲಿದ್ದೆ. ಬಡ್ಡಿ ಲೆಕ್ಕದ ಮಾಸ್ತರರು ಹಾದುಹೋಗುತ್ತ ನಿಂತರು.

"ಅಕ್ಕೋರ, ಲೆಕ್ಕದಾಗ ಏನರ ತಿಳೀಲಿಲ್ಲಂದ್ರ ಕೇಳ್ರಿ. ನಾಚ್ಕೋಬ್ಯಾಡ್ರಿ."

"ಕೇಳತೇನ್ರಿ ಸರ," ಎಂದರು ಅಕ್ಕೋರು. ಬಿಸಿಲು ಒಳಗೆ ಬರುತ್ತಿತ್ತು. ಹೊಸ ಮಕ್ಕಳನ್ನು ಗೋಡೆಯ ಕಡೆಗೆ ಸರಿಸಿ ಕೂರಿಸಿದರು.